ಹಳೇ ಹೆಂಚಿನ ಕಚೇರಿಗೆ ನಮ್ಮ ತೆರಿಗೆ ದುಡ್ಡು: ಯಾವ ಕೆಲಸಕ್ಕೆ ಕೊಡೋಣ, ಯಾವುದಕ್ಕೆ ಬೇಡ?

(ಇದು ಹಲವರ ಚರ್ಚೆ. ಪ್ರತಿ ಬರಹದ ಮೇಲೆ ಇರುವುದು ಬರೆದವರು ಇಟ್ಟುಕೊಂಡ ಹೆಸರು.)

ಮಾಳಮಡ್ಡಿ ನಿವಾಸಿ

ನಮ್ಮ ಭಾಗದ ಹಳೇ ಸರಕಾರಿ ಕಚೇರಿಯನ್ನು ನವೀಕರಣ ಮಾಡುತ್ತಾರೆ ಎಂಬ ಮಾತು ಬಂದಾಗಿನಿಂದ ಓಣಿಯಲ್ಲಿ ಎರಡು ಪಕ್ಷ ಆಗಿವೆ. ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮಂಗಳೂರು ಹೆಂಚು, ಸುತ್ತಲೂ ವರಾಂಡ ಇರುವ ಬ್ರಿಟಿಷರ ಕಾಲದ ಕಟ್ಟಡ. ಧಾರವಾಡದಲ್ಲಿ ಇಂಥವು ಬಹಳ ಇವೆ. ಯಾವುದು ಎಂದು ಹೆಸರು ಹಾಕುವುದಿಲ್ಲ, ಯಾಕೆಂದರೆ ನನ್ನ ಪ್ರಶ್ನೆ ಎಲ್ಲದಕ್ಕೂ ಸೇರಿದ್ದು.

ನಳಕ್ಕೆ ನೀರಿಲ್ಲ, ಗಟಾರ ತುಂಬಿ ಹರಿಯುತ್ತದೆ, ಕಚೇರಿಗೆ ಯಾಕೆ ಸಿಂಗಾರ ಎಂದು ಒಬ್ಬರು ಕೇಳುತ್ತಾರೆ. ಇದು ಊರಿನ ಗುರುತು, ಎಷ್ಟೇ ಖರ್ಚಾದರೂ ಉಳಿಸಬೇಕು ಎಂದು ಇನ್ನೊಬ್ಬರು. ಇಬ್ಬರ ಸಂಕಟವೂ ನನಗೆ ಅರ್ಥ ಆಗುತ್ತದೆ. ಆದರೆ ಇಬ್ಬರೂ ಎಸ್ಟಿಮೇಟ್ ನೋಡಿಲ್ಲ.

ಖರ್ಚು ಮಾಡಬೇಕೋ ಬೇಡವೋ ಎಂದು ಜಗಳ ಆಡುವ ಮೊದಲು ದುಡ್ಡು ಯಾವ ಐಟಮ್‌ಗೆ ಹೋಗುತ್ತದೆ ಎಂದು ಕೇಳಬೇಕು ಅಲ್ವಾ? ಒಂದೇ ಟೆಂಡರಿನಲ್ಲಿ ಸೋರುವ ಛಾವಣಿಯೂ ಇರುತ್ತದೆ, ಅಧಿಕಾರಿಯ ಕೋಣೆಯ ಫಾಲ್ಸ್ ಸೀಲಿಂಗ್ ಕೂಡ ಇರುತ್ತದೆ. ಛಾವಣಿಗೆ ನಾನು ಸಂತೋಷದಿಂದ ತೆರಿಗೆ ಕಟ್ಟುತ್ತೇನೆ. ಫಾಲ್ಸ್ ಸೀಲಿಂಗ್‌ಗೆ ಒಂದು ರೂಪಾಯಿ ಕೊಡಲೂ ಮನಸ್ಸಿಲ್ಲ.

ಈ ಪ್ರಶ್ನೆ ಈಗ ಇನ್ನೂ ಹತ್ತಿರ ಬಂದಿದೆ. 1962ರಿಂದ ಹುಬ್ಬಳ್ಳಿ, ಧಾರವಾಡ ಎರಡೂ ಒಂದೇ ಪಾಲಿಕೆ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಹೊಸ ಪಾಲಿಕೆ ಅಂದರೆ ಕಚೇರಿ ಬೇಕು, ಸಭಾಂಗಣ ಬೇಕು, ದಾಖಲೆ ಇಡಲು ಜಾಗ ಬೇಕು. ಹಳೇ ಕಟ್ಟಡ ಸರಿ ಮಾಡಿಕೊಳ್ಳಬೇಕೋ, ಹೊಸದು ಕಟ್ಟಬೇಕೋ ಎಂದು ಈಗಲೇ ಮಾತಾಡಬೇಕು. ಟೆಂಡರ್ ಆದ ಮೇಲೆ ಮಾತಾಡಿದರೆ ಯಾರೂ ಕೇಳುವುದಿಲ್ಲ.

ಹಳೇ ಹುಬ್ಬಳ್ಳಿ

ನಾನು ವಿರೋಧಿಸುವವನು, ನೇರವಾಗಿ ಹೇಳುತ್ತೇನೆ. 2021ರಲ್ಲಿ ಪಾಲಿಕೆ ಕಾಯ್ದೆಗೆ ತಿದ್ದುಪಡಿ ಆದಮೇಲೆ ಆಸ್ತಿ ತೆರಿಗೆ ವರ್ಷವರ್ಷ ಏರುತ್ತಿದೆ. 5 ಪರ್ಸೆಂಟ್ ರಿಯಾಯಿತಿಗಾಗಿ ಏಪ್ರಿಲ್‌ನಲ್ಲೇ ಓಡಿಹೋಗಿ ಕಟ್ಟುವವರು ನಾವು. ಕಟ್ಟಿ ಮನೆಗೆ ಬಂದರೆ ಬಾಗಿಲ ಮುಂದೆ ಅದೇ ಗಟಾರ.

ಹಳೇ ಕಟ್ಟಡವನ್ನು ದೂರದಿಂದ ಪ್ರೀತಿಸುವವರು ಅದರ ಕೌಂಟರ್ ಮುಂದೆ ಪಾಳಿ ಹಚ್ಚಿ ನೋಡಬೇಕು. ಮಳೆಗಾಲದಲ್ಲಿ ಮೇಲಿಂದ ತೊಟ್ಟಿಕ್ಕುತ್ತದೆ. ಕಾಗದಪತ್ರ ಎದೆಗೆ ಅವಚಿಕೊಂಡು ನಿಲ್ಲಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ಅದನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಿದರೆ ಬಾಡಿಗೆ ಕಟ್ಟಡದಲ್ಲಿರುವ ಇಲಾಖೆಗಳೂ ಒಂದೇ ಕಡೆ ಬರುತ್ತವೆ. ಜನರಿಗೆ ಓಡಾಟ ತಪ್ಪುತ್ತದೆ. ಇದರಲ್ಲಿ ತಪ್ಪೇನು?

ಸುಣ್ಣದ ಗಾರೆ

ನಾನು ಸಿವಿಲ್ ಕೆಲಸದವನು, ಹಳೇ ಮನೆಗಳ ದುರಸ್ತಿಯೇ ಜಾಸ್ತಿ. ಹಳೇ ಹುಬ್ಬಳ್ಳಿಯವರ ದೂರುಗಳೆಲ್ಲ ಖರೆ. ಆದರೆ ಅದಕ್ಕೆ ಕೆಡವುವುದೇ ಮದ್ದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹೊಸದು ಎಂದ ಮಾತ್ರಕ್ಕೆ ಗಟ್ಟಿ ಅಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದದ್ದು ಇನ್ನೂ ಕಟ್ಟುತ್ತಿದ್ದ ಕಾಂಕ್ರೀಟ್ ಕಟ್ಟಡ. 19 ಜನ ಜೀವ ಬಿಟ್ಟರು. ಅದು ಖಾಸಗಿ ಕಟ್ಟಡ, ಸರಕಾರದ್ದಲ್ಲ. ಆದರೂ ಈ ಊರಿನಲ್ಲಿ ಕುಳಿತು ಹೊಸದೆಲ್ಲ ಭದ್ರ ಎಂದು ಯಾರೂ ಹೇಳಬಾರದು.

ಈಗ ಹಳೇ ಗೋಡೆಯ ವಿಷಯ. ಇವನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣದ ಗೋಡೆ ಮಳೆಯಲ್ಲಿ ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದು, ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಗೋಡೆಯಲ್ಲಿರುವ ಉಪ್ಪು ಹೊರಮೈಗೆ ಬಂದು ಹರಳುಗಟ್ಟುತ್ತದೆ, ಕಲ್ಲನ್ನು ಪದರು ಪದರಾಗಿ ಎಬ್ಬಿಸುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರ್ ಉಬ್ಬಿ ಕಳಚುತ್ತದೆ. ಆಗ ಕಟ್ಟಡ ಶಿಥಿಲವಾಗಿದೆ ಎಂದು ವರದಿ ಬರೆಯುತ್ತಾರೆ. ಅದನ್ನು ಶಿಥಿಲ ಮಾಡಿದ್ದು ಹಿಂದಿನ ಸಲದ ನವೀಕರಣ. ಅದಕ್ಕೂ ನಾವೇ ದುಡ್ಡು ಕೊಟ್ಟಿದ್ದೆವು.

ಮಣ್ಣಿನ ಸಂಗತಿಯೂ ಇದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಛಾವಣಿಯ ನೀರು ಅಡಿಪಾಯದ ಪಕ್ಕದಲ್ಲೇ ನಿಂತರೆ ಒಂದು ಮೂಲೆ ಏರುತ್ತದೆ, ಇನ್ನೊಂದು ಮೂಲೆ ಕೂರುತ್ತದೆ, ಗೋಡೆ ಓರೆಯಾಗಿ ಸೀಳುತ್ತದೆ. ಆ ಸೀಳಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ. ಬೇಕಾಗಿದ್ದು ನೀರನ್ನು ಗೋಡೆಯಿಂದ ದೂರ ಒಯ್ಯುವ ಗಟಾರ.

ಎಸ್ಟಿಮೇಟ್ ಕೈಗೆ ಸಿಕ್ಕರೆ ಮೊದಲು ಇದನ್ನು ನೋಡಿ. ಛಾವಣಿ, ನೀರಿನ ದಾರಿ, ಗೋಡೆ, ವೈರಿಂಗ್ ಇವಕ್ಕೆ ದುಡ್ಡು ಇದೆಯೋ, ಇಲ್ಲ ಗಾಜಿನ ಪಾರ್ಟಿಷನ್, ವಿಟ್ರಿಫೈಡ್ ಟೈಲ್ಸ್, ಮುಂಭಾಗಕ್ಕೆ ಅಂಟಿಸುವ ಅಲ್ಯೂಮಿನಿಯಂ (ಎಸಿಪಿ) ಶೀಟ್ ಇವಕ್ಕೆ ಇದೆಯೋ. ಹೆಂಚಿನ ಛಾವಣಿಯಲ್ಲಿ ಬಹಳ ಸಲ ಹೆಂಚು ಚೆನ್ನಾಗೇ ಇರುತ್ತದೆ, ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಕಟ್ಟಿಗೆ ಪಟ್ಟಿ, ಗೆದ್ದಲು ತಿಂದಿರುತ್ತದೆ. ರೀಪು ಬದಲಿಸಿ ಅದೇ ಹೆಂಚು ಹೊದಿಸಬಹುದು. ಆದರೆ ಎಸ್ಟಿಮೇಟ್ ಬರೆಯುವವರಿಗೆ ಎಲ್ಲ ಕಿತ್ತು ತಗಡು ಹಾಕುವುದೇ ಸುಲಭ. ತಗಡಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂತು ಕೆಲಸ ಮಾಡಿ ನೋಡಲಿ.

ನಿವೃತ್ತ ಗುಮಾಸ್ತ

ನನ್ನ ನೌಕರಿ ಪೂರ್ತಿ ಇಂಥ ಕಚೇರಿಗಳಲ್ಲೇ ಕಳೆಯಿತು. ಗಾರೆಯವರು ಹೇಳಿದ್ದು ಕೆಲಸದ ಮಾತು, ನಾನು ದುಡ್ಡಿನ ದಾರಿ ಹೇಳುತ್ತೇನೆ.

ರಾಜ್ಯ ಸರಕಾರದ ಲೆಕ್ಕದಲ್ಲಿ ಕಟ್ಟಡ ನಿರ್ವಹಣೆಯ ಖರ್ಚು 2059 ಎಂಬ ಶೀರ್ಷಿಕೆಯಲ್ಲಿ ಬರುತ್ತದೆ. ಹೊಸ ಕಟ್ಟಡ, ದೊಡ್ಡ ಕಾಮಗಾರಿ 4059ರಲ್ಲಿ. 4059ಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರು ಇದೆ. 2059ಕ್ಕೆ ಏನೂ ಇಲ್ಲ. ಹೆಂಚು ಕೈಯಾಡಿಸಿದ್ದಕ್ಕೆ, ಅಂದರೆ ಒಡೆದದ್ದು ಬದಲಿಸಿ ಸರಿಯಾಗಿ ಹೊದಿಸಿದ್ದಕ್ಕೆ, ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಇನ್ನೊಂದು ತೊಡಕು ಕ್ಯಾಲೆಂಡರಿನದ್ದು. ಹೆಂಚು ಕೈಯಾಡಿಸಬೇಕಾದ್ದು ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರು, ಮೇ ತಿಂಗಳಿಗೆ ನಿರ್ವಹಣೆ ದುಡ್ಡು ಕೈಗೆ ಬಂದಿರುವುದಿಲ್ಲ. ನಾನು ಕೆಲಸ ಮಾಡಿದ ಕಡೆ ಅದು ಬರುತ್ತಿದ್ದದ್ದು ವರ್ಷದ ಕೊನೆಗೆ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು. ಅಷ್ಟು ಬೇಗ ಆಗುವ ಕೆಲಸ ಬಣ್ಣ ಒಂದೇ. ಹಾಗಾಗಿ ಸೋರುವ ಕಟ್ಟಡಕ್ಕೆ ಮತ್ತೆ ಮತ್ತೆ ಬಣ್ಣ ಬೀಳುತ್ತಿತ್ತು. ಮೇಲೆ ರೀಪು ಕೊಳೆಯುತ್ತಿತ್ತು. ಕೊನೆಗೆ ಒಂದು ದಿನ ಕೋಟಿಗಟ್ಟಲೆ ಎಸ್ಟಿಮೇಟ್ ಏಳುತ್ತದೆ, ಜನ ಸಿಟ್ಟಾಗುತ್ತಾರೆ. ಸಿಟ್ಟು ಆಗಬೇಕಾದ್ದೇ. ಆದರೆ ಪ್ರತಿ ಮೇ ತಿಂಗಳಲ್ಲಿ ಆಗದ ಸಣ್ಣ ಕೆಲಸದ ಮೇಲೂ ಸಿಟ್ಟು ಬರಬೇಕು.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ಸಾಕು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವ ಹೋದವು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಆಮೇಲೂ ವರ್ಷಗಟ್ಟಲೆ ನಡೆಯಿತು. ಅಲ್ಲಿಯ ಅಂಗಡಿಕಾರರು ಆ ವಾದದ ಕೆಳಗೇ ವ್ಯಾಪಾರ ಮಾಡಿಕೊಂಡಿದ್ದರು.

ಕಾಗದದ ಕೋಣೆಯನ್ನು ಯಾರೂ ಮರೆಯಬೇಡಿ. ಪಹಣಿ ಕಂಪ್ಯೂಟರಿಗೆ ಬಂದಿದೆ, ಭೂಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳ ಸ್ಕ್ಯಾನಿಂಗೂ ಶುರುವಾಗಿದೆ. ಆದರೂ ಮೂಲ ಕಾಗದ ಕಪಾಟಿನಲ್ಲೇ ಇದೆ. ಒಂದು ಕಂತೆ ನೆನೆದರೆ ಒಂದು ಮನೆತನದ ಜಮೀನಿನ ಸಾಕ್ಷಿ ಹೋಗುತ್ತದೆ. ಅಧಿಕಾರಿಯ ಕೋಣೆಗಿಂತ ಮೊದಲು ರೆಕಾರ್ಡ್ ರೂಮ್ ಒಣಗಿರಬೇಕು.

ಬೆಟಗೇರಿ ಮಗ್ಗ

ಗದಗಿನಿಂದ ಬರೆಯುತ್ತಿದ್ದೇನೆ. ನಮಗೆ ನೀರು ಬರುವುದು ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನಿಂದ. ಬೇಸಿಗೆಯಲ್ಲಿ ವಾರ ದಾಟಿದರೂ ನಳ ಬರುವುದಿಲ್ಲ. ಮನೆತುಂಬ ಕೊಡ, ಬ್ಯಾರೆಲ್ಲು. ಮಗ್ಗದ ಮುಂದೆ ಕೂತವರು ನೀರಿನ ಸುದ್ದಿ ಬಂದರೆ ಕೆಲಸ ಬಿಟ್ಟು ಓಡಬೇಕು. ಇಂಥ ಊರಿನಲ್ಲಿ ಕಚೇರಿ ದುರಸ್ತಿಗೆ ದುಡ್ಡು ಎಂದರೆ ಹೊಟ್ಟೆ ಉರಿಯುತ್ತದೆ. ಸುಣ್ಣ, ಸಿಮೆಂಟ್ ಎಲ್ಲ ಆಮೇಲೆ. ಮೊದಲು ನೀರು ಕೊಡಿ ಎಂದು ಕೇಳುವುದು ತಪ್ಪಾ?

ನಿವೃತ್ತ ಗುಮಾಸ್ತ

ತಪ್ಪೇ ಅಲ್ಲ. ಆದರೆ ಎಲ್ಲ ದುಡ್ಡೂ ಒಂದೇ ಚೀಲದಲ್ಲಿ ಇರುವುದಿಲ್ಲ, ಅದನ್ನು ತಿಳಿದು ಕೇಳಿದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ನಗರಗಳಿಗೆ ಕೊಟ್ಟ ಅನುದಾನದಲ್ಲಿ 60 ಪರ್ಸೆಂಟ್ ಕುಡಿಯುವ ನೀರು, ಸ್ವಚ್ಛತೆ ಇವಕ್ಕೇ ಕಟ್ಟುಹಾಕಿದ್ದು. ಗದಗ-ಬೆಟಗೇರಿ ಅದರಲ್ಲಿ ಬರುತ್ತದೆ. 2011ರ ಜನಗಣತಿಯಲ್ಲಿ 9.43 ಲಕ್ಷ ಇದ್ದ ಹುಬ್ಬಳ್ಳಿ-ಧಾರವಾಡವೂ ಬರುತ್ತದೆ. ಆ ದುಡ್ಡಿನಲ್ಲಿ ಕಚೇರಿ ದುರಸ್ತಿ ಮಾಡುವ ಹಾಗಿಲ್ಲ. ರಾಜ್ಯದ ಇಲಾಖೆಯ ಕಟ್ಟಡವಾದರೆ ಖರ್ಚು ರಾಜ್ಯದ ಬಜೆಟ್‌ನಿಂದ. ಅದನ್ನು ನಿಲ್ಲಿಸಿದರೆ ಆ ದುಡ್ಡು ನಿಮ್ಮ ನಳಕ್ಕೆ ಬರುವುದಿಲ್ಲ.

ಆದರೆ ಕಟ್ಟಡ ನಗರಸಭೆಯದೋ ಪಾಲಿಕೆಯದೋ ಆಗಿದ್ದು, ಸ್ವಂತ ನಿಧಿಯಿಂದ, ಅಂದರೆ ನಮ್ಮ ಆಸ್ತಿ ತೆರಿಗೆಯಿಂದ ಖರ್ಚು ಮಾಡುತ್ತಿದ್ದರೆ ನಿಮ್ಮ ಪ್ರಶ್ನೆ ನೂರಕ್ಕೆ ನೂರು ಸರಿ. ಅದೇ ರೂಪಾಯಿ ಪೈಪಿಗೂ ಹೋಗಬಹುದಿತ್ತು. ಹಾಗಾಗಿ ದುಡ್ಡು ಎಲ್ಲಿಂದ ಬಂತು ಎಂದು ಮೊದಲು ಕೇಳಿ.

ಕೆಲಗೇರಿ ಕೆರೆ ದಂಡೆ

ನಾನು ಗಾಲಿಕುರ್ಚಿ ಬಳಸುವವಳು. ನೀವೆಲ್ಲ ಒಳಗಿನ ಸೋರಿಕೆಯ ಮಾತಾಡುತ್ತಿದ್ದೀರಿ. ನನಗೆ ಒಳಗೆ ಹೋಗುವುದೇ ಆಗಿಲ್ಲ. ಹಳೇ ಕಟ್ಟಡಗಳ ಜಗಲಿ ಎತ್ತರ, ಮುಂದೆ ಕಲ್ಲಿನ ಮೆಟ್ಟಿಲು. ಪಿಂಚಣಿ ಕೆಲಸಕ್ಕೆ ಹೋದಾಗ ತಮ್ಮನನ್ನು ಒಳಗೆ ಕಳಿಸಿ ನಾನು ಬೇವಿನ ಮರದ ಕೆಳಗೆ ಕಾದಿದ್ದೇನೆ. ಸಹಿ ಮಾಡಿಸಲು ಗುಮಾಸ್ತರು ಹೊರಗೆ ಬಂದರು. ಒಳ್ಳೆಯವರು. ಆದರೆ ನನ್ನ ಕೆಲಸ ನಾನೇ ಕೌಂಟರಿನಲ್ಲಿ ಮಾಡಿಕೊಳ್ಳಬೇಕು, ಅದು ನನ್ನ ಹಕ್ಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದು ಸ್ಪಷ್ಟ ಇದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಆಗಿನಿಂದ ಐದು ವರ್ಷದೊಳಗೆ ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಮ್ಮಂಥವರು ಬಳಸುವ ಹಾಗೆ ಮಾಡಬೇಕಿತ್ತು. ಗಡುವು 2022ಕ್ಕೇ ಮುಗಿಯಿತು.

ರ‍್ಯಾಂಪ್ ಎಂದು ಏನೋ ಒಂದು ಕಟ್ಟಿಬಿಡುತ್ತಾರೆ, ಅದನ್ನೂ ಹೇಳಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಜಗಲಿ ಮೂರು ಅಡಿ ಇದ್ದರೆ ರ‍್ಯಾಂಪ್ ಮೂವತ್ತಾರು ಅಡಿ, ಜೊತೆಗೆ ನಡುವೆ ನಿಲ್ಲಲು ಸಮತಟ್ಟು ಜಾಗ. ನಾನು ನೋಡಿದ ಎಷ್ಟೋ ರ‍್ಯಾಂಪ್ ಹತ್ತಡಿಯೂ ಇಲ್ಲ. ಅದರ ಮೇಲೆ ಹತ್ತುವುದು ಕಷ್ಟ, ಇಳಿಯುವುದು ಅಪಾಯ. ಎಸ್ಟಿಮೇಟ್‌ನಲ್ಲಿ ಬರೀ ರ‍್ಯಾಂಪ್ ಎಂದಿದ್ದರೆ ಸಾಲದು. ಉದ್ದ ಎಷ್ಟು, ಕೈಹಿಡಿಕೆ ಇದೆಯೋ ಇಲ್ಲವೋ, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೋ ಇಲ್ಲವೋ ನೋಡಿ. ಇಷ್ಟು ಮಾಡಿದರೆ ನಾನು ನವೀಕರಣದ ಪರ. ಇಷ್ಟು ಮಾಡದೆ ಗ್ರಾನೈಟ್ ಹಾಸಿದರೆ ನಾನೂ ಹಳೇ ಹುಬ್ಬಳ್ಳಿಯವರ ಜೊತೆ ಕೂರುತ್ತೇನೆ.

ಹಾವೇರಿ ಪೇಟೆ

ಹೊಸ ಕಟ್ಟಡ ಎನ್ನುವವರಿಗೆ ಒಂದು ಮಾತು. 1997ರಲ್ಲಿ ನಮ್ಮ ಹಾವೇರಿ ಬೇರೆ ಜಿಲ್ಲೆ ಆಯಿತು. ಜಿಲ್ಲಾಡಳಿತ ಭವನ ಈಗ ಊರ ಹೊರಗೆ ದೇವಗಿರಿಯಲ್ಲಿದೆ. ಜಾಗ ದೊಡ್ಡದು, ಇಲಾಖೆಗಳು ಒಟ್ಟಿಗಿವೆ, ಒಪ್ಪುತ್ತೇನೆ. ಆದರೆ ಹಾನಗಲ್, ಹಿರೇಕೆರೂರು ಕಡೆಯಿಂದ ಬಸ್ಸಿಗೆ ಬಂದ ರೈತ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಮತ್ತೆ ಆಟೋ ಹಿಡಿಯಬೇಕು. ಸಾಹೇಬರು ಮೀಟಿಂಗ್‌ನಲ್ಲಿದ್ದರೆ ನಾಳೆ ಇನ್ನೊಮ್ಮೆ ಆ ಖರ್ಚು. ಹಳೇ ಕಚೇರಿಗಳು ಊರ ನಡುವೆ ಇವೆ, ನಡೆದು ಹೋಗಬಹುದು. ಹೊಸದಕ್ಕೆ ಜಾಗ ಸಿಗುವುದು ಊರ ಹೊರಗೇ. ಆ ಆಟೋ ಖರ್ಚು ಯಾವ ಎಸ್ಟಿಮೇಟ್‌ನಲ್ಲೂ ಬರುವುದಿಲ್ಲ, ರೈತನ ಕಿಸೆಯಿಂದ ಹೋಗುತ್ತದೆ.

ಸಪ್ತಾಪುರ ಓದುಗ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು ನಾನು. ಧಾರವಾಡದ ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡ ಮೊದಲು ಕಾಲೇಜಿಗೆ ಕಟ್ಟಿದ್ದಲ್ಲ, ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಆಗಿತ್ತು. ರೈಲ್ವೆ ಹೋಯಿತು, 1917ರಲ್ಲಿ ಶುರುವಾದ ಕಾಲೇಜಿಗೆ ಆ ಕಟ್ಟಡ ಸಿಕ್ಕಿತು. ಅಲ್ಲಿ ಎಷ್ಟು ತಲೆಮಾರು ಓದಿದೆ ನೋಡಿ. ಆಗ ಯಾರಾದರೂ ಹಳೇದು ಎಂದು ಕೆಡವಿದ್ದರೆ?

ಆಸ್ತಿ ತೆರಿಗೆಯ ಜೊತೆ 6 ಪರ್ಸೆಂಟ್ ಗ್ರಂಥಾಲಯ ಕರವನ್ನೂ ನೀವೆಲ್ಲ ಕಟ್ಟುತ್ತೀರಿ. ಆದರೂ ಸಪ್ತಾಪುರದಲ್ಲಿ ನಾವು ತಿಂಗಳ ಬಾಡಿಗೆ ಕೊಟ್ಟು ಖಾಸಗಿ ಸ್ಟಡಿ ರೂಮಿನಲ್ಲಿ ಕೂರುತ್ತೇವೆ. ದುರಸ್ತಿ ಮಾಡುವ ಕಟ್ಟಡದ ವರಾಂಡ, ಸಭಾಂಗಣ ಸಂಜೆ ಆರರ ಮೇಲೆ ಖಾಲಿ ಇರುತ್ತವೆ. ಅವನ್ನು ಓದುವವರಿಗೆ ಬಿಟ್ಟುಕೊಟ್ಟರೆ ಆ ದುಡ್ಡು ದಿನಕ್ಕೆ ಎರಡು ಪಾಳಿ ದುಡಿದ ಹಾಗೆ.

ಹಳೇ ಹುಬ್ಬಳ್ಳಿ

ಇಷ್ಟು ಓದಿದ ಮೇಲೂ ನನ್ನ ಅನುಮಾನ ಹೋಗಿಲ್ಲ. ನೀವು ಹೇಳುವ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಎಷ್ಟು ಜನ ಉಳಿದಿದ್ದಾರೆ? ಟೆಂಡರ್ ಹೋಗುವುದು ಕಡಿಮೆ ದರ ಹಾಕಿದವನಿಗೆ. ಅವನು ಸಿಮೆಂಟೇ ಬಳಿಯುತ್ತಾನೆ. ಕಟ್ಟಡಕ್ಕೆ ನಿಲ್ಲುವ ಶಕ್ತಿ ಇದೆಯೋ ಇಲ್ಲವೋ ಎಂದು ಮೊದಲು ಹೊರಗಿನ ತಜ್ಞರಿಂದ ಪರೀಕ್ಷೆ ಆಗಲಿ. ಗೋಡೆ ಕೈಬಿಟ್ಟಿದ್ದರೆ ಪ್ರೀತಿ ಬದಿಗಿಟ್ಟು ಕೆಡವಲೇಬೇಕು. ಜನ ನಿಲ್ಲುವ ಜಾಗ ಅದು.

ಸುಣ್ಣದ ಗಾರೆ

ಪರೀಕ್ಷೆ ಮೊದಲು ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮೇಸ್ತ್ರಿಗಳು ಕಡಿಮೆ ಆಗಿದ್ದಾರೆ ಎಂಬುದೂ ನಿಜ. ಗುಡಿ, ಮಠಗಳ ಜೀರ್ಣೋದ್ಧಾರ ಮಾಡಿದ ಕೈಗಳು ಇನ್ನೂ ನಮ್ಮ ಕಡೆ ಇವೆ. ಆದರೆ ಅವರು ನೇರವಾಗಿ ಟೆಂಡರ್ ಹಾಕುವವರಲ್ಲ, ಗುತ್ತಿಗೆದಾರನ ಕೆಳಗೆ ಕೆಲಸ ಮಾಡುವವರು. ಅದಕ್ಕೇ ಟೆಂಡರ್ ಷರತ್ತಿನಲ್ಲೇ ಬರೆಯಬೇಕು. ಸುಣ್ಣದ ಕೆಲಸ ಮಾಡಿದ ಅನುಭವ ಇರಬೇಕು, ಮೊದಲು ಒಂದು ಮೂಲೆಯಲ್ಲಿ ಮಾದರಿ ಮಾಡಿ ತೋರಿಸಬೇಕು, ಅದು ಒಪ್ಪಿಗೆ ಆದ ಮೇಲೇ ಉಳಿದ ಗೋಡೆ ಮುಟ್ಟಬೇಕು. ಸುಣ್ಣ ನಿಧಾನಕ್ಕೆ ಗಟ್ಟಿಯಾಗುತ್ತದೆ. ಮಾರ್ಚ್ 31ಕ್ಕೆ ಬಿಲ್ ಮಾಡಬೇಕು ಎಂದು ಫೆಬ್ರವರಿಯಲ್ಲಿ ಶುರು ಮಾಡಿದರೆ ಕೆಲಸ ಕೆಟ್ಟ ಹಾಗೇ.

ಮಾಳಮಡ್ಡಿ ನಿವಾಸಿ

ಎಲ್ಲರೂ ಮನಸ್ಸಿಟ್ಟು ಬರೆದಿದ್ದೀರಿ. ನನ್ನ ಕಡೆಯಿಂದ ಇನ್ನೆರಡು ಸಂಗತಿ ಸೇರಿಸುತ್ತೇನೆ.

ಒಂದು, ಕಿತ್ತ ಸಾಮಾನು. ಹಳೇ ಛಾವಣಿ ಬಿಚ್ಚಿದರೆ ಕೆಳಗೆ ಬರುವುದು ಸಾಗವಾನಿ. ಇವತ್ತು ಅಂಥ ತೊಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಬಳಸಲು ಬರುವ ಸಾಮಾನಿನ ಬೆಲೆಯನ್ನು ಎಸ್ಟಿಮೇಟ್‌ನಲ್ಲಿ ಜಮಾ ತೋರಿಸಬೇಕು. ಬಿಚ್ಚುವ ಮೊದಲೇ ಎಷ್ಟು ತೊಲೆ, ಎಷ್ಟು ಬಾಗಿಲು, ಎಷ್ಟು ಕಿಟಕಿ ಎಂದು ಪಟ್ಟಿ ಆಗಬೇಕು, ಫೋಟೋ ಆಗಬೇಕು. ಇಲ್ಲದಿದ್ದರೆ ಲಾರಿ ತುಂಬಿ ಹೋದ ಮೇಲೆ ಏನನ್ನೂ ಸಾಬೀತು ಮಾಡಲು ಬರುವುದಿಲ್ಲ. ಜನ ಬಣ್ಣದ ಖರ್ಚು ಲೆಕ್ಕ ಹಾಕುತ್ತಾರೆ, ಹೊರಗೆ ಹೋದ ಕಟ್ಟಿಗೆಯ ಲೆಕ್ಕ ಯಾರೂ ಕೇಳುವುದಿಲ್ಲ.

ಎರಡು, ಮೊತ್ತದ ಒಳಗೆ ಏನಿದೆ ಎಂಬುದು. ಸರಕಾರಿ ಕಾಮಗಾರಿಗೆ 2022ರ ಜುಲೈನಿಂದ ಜಿಎಸ್‌ಟಿ 18 ಪರ್ಸೆಂಟ್, ಮೊದಲು 12 ಇತ್ತು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ 1 ಪರ್ಸೆಂಟ್ ಸೆಸ್ ಬೇರೆ. ಕೆಲಸ ಒಂದು ಕೋಟಿಯದು ಎಂದು ಇಟ್ಟುಕೊಳ್ಳಿ, ಜಿಎಸ್‌ಟಿ ಒಂದೇ 18 ಲಕ್ಷ. ಹೆಡ್‌ಲೈನಿನ ಮೊತ್ತ ನೋಡಿ ಅಷ್ಟೂ ಗೋಡೆಗೆ ಹೋಯಿತು ಎಂದು ಬೈಯುವ ಮೊದಲು ಇದನ್ನು ಕಳೆಯಿರಿ. ಉಳಿದದ್ದರ ಪ್ರತಿ ರೂಪಾಯಿಗೂ ಲೆಕ್ಕ ಕೇಳಿ.

ಈಗ ಕೆಲಸಕ್ಕೆ ಬರೋಣ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಕಲಂ 2(ಜೆ) ಬಹಳ ಜನಕ್ಕೆ ಗೊತ್ತಿಲ್ಲ. ಕಾಗದ ಅಷ್ಟೇ ಅಲ್ಲ, ಕಾಮಗಾರಿಯನ್ನೇ ಹೋಗಿ ನೋಡುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಅದರಲ್ಲಿದೆ. ನಾನು ಹೀಗೆ ಬರೆದಿದ್ದೇನೆ:

"ಸದರಿ ಕಟ್ಟಡದ ನವೀಕರಣ ಕಾಮಗಾರಿಗೆ ಸಂಬಂಧಿಸಿದ ಆಡಳಿತಾತ್ಮಕ ಅನುಮೋದನೆ ಮತ್ತು ತಾಂತ್ರಿಕ ಮಂಜೂರಾತಿಯ ಪ್ರತಿ, ಹಣದ ಮೂಲ ಮತ್ತು ಲೆಕ್ಕ ಶೀರ್ಷಿಕೆ, ಐಟಮ್‌ವಾರು ಎಸ್ಟಿಮೇಟ್, ಕಟ್ಟಡದ ಸಾಮರ್ಥ್ಯ ಪರೀಕ್ಷೆಯ ವರದಿ, ಕಳೆದ ಹತ್ತು ವರ್ಷಗಳಲ್ಲಿ ಇದೇ ಕಟ್ಟಡದ ನಿರ್ವಹಣೆಗೆ ಆದ ಖರ್ಚಿನ ವಿವರ, ಬಿಚ್ಚಲಿರುವ ಸಾಮಗ್ರಿಯ ಪಟ್ಟಿ, ರ‍್ಯಾಂಪ್ ಮತ್ತು ಶೌಚಾಲಯದ ನಕ್ಷೆ ಒದಗಿಸಬೇಕು. ಕಲಂ 2(ಜೆ) ಪ್ರಕಾರ ಕಾಮಗಾರಿ ಪರಿಶೀಲನೆಗೆ ದಿನಾಂಕ ನಿಗದಿ ಮಾಡಬೇಕು."

ಬಿಟ್ಟುಹೋದದ್ದು ಇದ್ದರೆ ಹೇಳಿ.

ಹಳೇ ಹುಬ್ಬಳ್ಳಿ

ಅದೇ ಜಾಗದಲ್ಲಿ ಹೊಸದು ಕಟ್ಟಿದರೆ ಎಷ್ಟಾಗುತ್ತದೆ ಎಂಬ ಹೋಲಿಕೆ ಮಾಡಿದ್ದಾರೆಯೇ, ಮಾಡಿದ್ದರೆ ಅದರ ಪ್ರತಿಯೂ ಬೇಕು ಎಂದು ಸೇರಿಸಿ. ಸೇರಿಸಿದರೆ ಹುಬ್ಬಳ್ಳಿ ಕಡೆಯ ಕಟ್ಟಡಗಳಿಗೆ ಇದೇ ಅರ್ಜಿ ನಾನು ಹಾಕುತ್ತೇನೆ.

ಮಾಳಮಡ್ಡಿ ನಿವಾಸಿ

ಸೇರಿಸಿದೆ. ಪದಗಳೂ ಮಿತಿಯೊಳಗೇ ಇವೆ. ಸೋಮವಾರ ಕೊಡುತ್ತೇನೆ.

ನಿವೃತ್ತ ಗುಮಾಸ್ತ

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಕಲಂ 19ರಲ್ಲಿ ಮೊದಲ ಮೇಲ್ಮನವಿ ಹಾಕಬೇಕು. ಆಗ ಆ ತಾರೀಖೇ ಬೇಕಾಗುತ್ತದೆ.